ಯೇಲ್ ಎಂಬ ಹೆಸರಿನ ಹಿಂದೆ



ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೂ ನಿಂಬರ್ಗಾ ಸೀಮೆಗೂ ಏನು ನಂಟು? ನಡುವೆ ಮದ್ರಾಸು ಇದೆ.

ಆ ವಿದ್ಯಾಲಯ ಹೆಸರು ಪಡೆದದ್ದು ಎಲೈಹು ಯೇಲ್‌ನಿಂದ. 1687ರಿಂದ 1692ರವರೆಗೆ ಆತ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಕೋಟೆಯ ಗವರ್ನರ್. ದಖನ್ನಿಗೆ ಅದು ಕೆಟ್ಟ ಕಾಲ. ಈ ಸೀಮೆಯನ್ನು ಬಹುಕಾಲ ಆಳಿದ ಬಿಜಾಪುರದ ಆದಿಲ್‌ಶಾಹಿ 1686ರಲ್ಲಿ, ಗೋಲ್ಕೊಂಡ ಮರುವರ್ಷ ಔರಂಗಜೇಬನ ಪಾಲಾದವು. ಯುದ್ಧದ ಜೊತೆಗೇ ಬರವೂ ಬಂತು. ಮದ್ರಾಸಿನಲ್ಲಿ ಹಸಿದವರನ್ನು ಕೊಂಡು ಹಡಗು ಹತ್ತಿಸುವ ವ್ಯಾಪಾರ ಬೆಳೆಯಿತು. 1688ರಲ್ಲಿ ಗವರ್ನರನ ಮಂಡಳಿ ಅದನ್ನು ನಿಷೇಧಿಸಿತು. ಅದರಲ್ಲಿ ಲಾಭ ಕಡಿಮೆಯಿತ್ತು, ಮೊಗಲರ ಆಕ್ಷೇಪವೂ ಇತ್ತು.

1718ರಲ್ಲಿ ಯೇಲ್ ಕಳಿಸಿದ ಸರಕಿನ ಮೂಟೆಗಳನ್ನು ಮಾರಿ ಬಂದ ಹಣದಿಂದ ಕಾಲೇಜಿಗೆ ನೆರವಾಯಿತು. ಕಾಲೇಜು ದಾನಿಯ ಹೆಸರನ್ನೇ ಇಟ್ಟುಕೊಂಡಿತು.

ಗುಲಾಮಗಿರಿಯೊಂದಿಗಿನ ತನ್ನ ನಂಟಿನ ಬಗ್ಗೆ ವಿಶ್ವವಿದ್ಯಾಲಯ 2020ರಲ್ಲಿ ಸಂಶೋಧನೆ ಆರಂಭಿಸಿತು. 2024ರಲ್ಲಿ ಇತಿಹಾಸಕಾರ ಡೇವಿಡ್ ಬ್ಲೈಟ್ ಅವರ ಗ್ರಂಥ ಹೊರಬಂತು. ಅದೇ ವರ್ಷ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. ಮುನ್ನೂರು ವರ್ಷದ ಲೆಕ್ಕದ ಪುಸ್ತಕವನ್ನು ತಾನೇ ಬಿಚ್ಚಿತು.

ಭಾರತದಲ್ಲಿ ಜೀತಪದ್ಧತಿ ರದ್ದಾದದ್ದು 1976ರ ಕಾನೂನಿನಿಂದ. ಊರೂರಿನ ಹಳೆಯ ಶಾಲೆ, ಛತ್ರ, ವಾಡೆಗಳ ಮುಂದೆಯೂ ಈ ಪ್ರಶ್ನೆ ಕೇಳಬಹುದು. ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿದೆ. ಕಲ್ಲು ಹೊತ್ತವರ ಹೆಸರೆಲ್ಲಿದೆ?