ಬಡವರ ಮನೆಯ ಮೊಬೈಲು

(ಅಣ್ಣಾ ನಗರದಲ್ಲಿ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡಿನ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ನನಗಿಂತ ಮೊದಲು ಮಾತನಾಡಿದ ವಿದ್ವಾಂಸರು ಆ ಕೆಲಸವನ್ನು ಸೊಗಸಾಗಿ ನೆರವೇರಿಸಿದ್ದಾರೆ. ಕಾರ್ಯದರ್ಶಿಗಳು ನನಗೆ "ತೋಚಿದ ವಿಷಯ ಮಾತನಾಡಿ" ಎಂದು ಸ್ವಾತಂತ್ರ್ಯ ಕೊಟ್ಟುಬಿಟ್ಟರು. ಆ ಸ್ವಾತಂತ್ರ್ಯವನ್ನು ಉಪಯೋಗಿಸಿಕೊಂಡು, ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸಿನ ಮೊಬೈಲನ್ನು ಕುರಿತು ನಾಲ್ಕು ಮಾತುಗಳನ್ನಾಡಲು ನಿಂತಿದ್ದೇನೆ. ವಿಷಯ ಕ್ಷುದ್ರವೆಂದು ತೋರಿದರೆ, ಕೊನೆಯವರೆಗೆ ಕೇಳಿ ಆಮೇಲೆ ಬಯ್ಯಬೇಕೆಂದು ಪ್ರಾರ್ಥನೆ.

ಆಕೆ ತಾಳವಾಡಿಯ ಕಡೆಯವಳು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿದಾಗ ಗಡಿಯ ಈಚೆಗೇ ಉಳಿದ ಕನ್ನಡದ ನೆಲ ಅದು. ಈಗ ಈರೋಡು ಜಿಲ್ಲೆಯಲ್ಲಿದೆ. ಗಂಡ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾವಲುಗಾರ, ಮಗಳು ಕಾಲೇಜಿನಲ್ಲಿ ಓದುತ್ತಾಳೆ. ಒಂದು ದಿನ ಆಕೆ ನನ್ನ ಹೆಂಡತಿಯ ಮುಂದೆ ನಿಂತು, "ಅಮ್ಮಾ, ನನ್ನ ನಂಬರು ಸತ್ತೋಯ್ತು" ಎಂದಳು.

ನಂಬರು ಸಾಯುವುದೆಂದರೇನು? ಗಂಡನಿಗೆ ಕಾಯಿಲೆಯಾಗಿ ಖರ್ಚು ಮೇಲೆ ಬಿದ್ದಾಗ, ಮನೆಯ ಮೂರು ಫೋನುಗಳಲ್ಲಿ ಒಂದಕ್ಕೆ ರೀಚಾರ್ಜು ನಿಲ್ಲಿಸಬೇಕಾಯಿತು. ಗಂಡನದು ಕೆಲಸಕ್ಕೆ ಬೇಕು, ಮಗಳದು ಓದಿಗೆ ಬೇಕು. ತಾಯಿ ಎಂದಿನಂತೆ ತನ್ನದನ್ನೇ ಬಿಟ್ಟಳು. ಹೀಗೆ ಏಳೆಂಟು ತಿಂಗಳು ಕಳೆದವು. 90 ದಿನ ಯಾವ ಬಳಕೆಯೂ ಇಲ್ಲದ ಸಂಖ್ಯೆಯನ್ನು ರದ್ದುಮಾಡಲು ಕಂಪನಿಗೆ ನಿಯಮದಲ್ಲಿ ಅವಕಾಶವಿದೆ. ರದ್ದಾದ ಸಂಖ್ಯೆಯನ್ನು ಮತ್ತೆ ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲವೆಂದು 2023ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಸುಪ್ರೀಂ ಕೋರ್ಟಿಗೆ ತಿಳಿಸಿತು. ಆ ಅವಧಿಯೂ ಮುಗಿದಿತ್ತು. ನಾನೇ ಆ ಸಂಖ್ಯೆಗೆ ಕರೆ ಮಾಡಿದೆ. ಯಾರೋ ಉತ್ತರ ದೇಶದ ಯುವಕ ಎತ್ತಿಕೊಂಡ. ವಿಷಯ ತಿಳಿಸಿದಾಗ ಆತ ನಕ್ಕು, "ಹಾಗಾದರೆ ಆ ತಾಯಿಯ ಸಾವಿರ ರೂಪಾಯಿ ಬಂದ ಸುದ್ದಿ ತಿಂಗಳು ತಿಂಗಳೂ ನನಗೆ ಬರುತ್ತಿದೆ" ಎಂದ. ಸಜ್ಜನ, ಸುದ್ದಿ ಬಂದರೂ ಹಣಕ್ಕೆ ಕೈ ಹಾಕಿದವನಲ್ಲ. ಆದರೆ ಎಲ್ಲರೂ ಸಜ್ಜನರೇ ಆಗಿರುತ್ತಾರೆಯೆ?

ಆ ಸಾವಿರ ರೂಪಾಯಿ, 2023ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಗೃಹಿಣಿಯರಿಗೆಂದು ಆರಂಭಿಸಿದ ಮಾಸಿಕ ಹಕ್ಕಿನ ಹಣ. ಅದು ಬ್ಯಾಂಕಿಗೆ ಬರುತ್ತದೆ, ಬಂದ ಸುದ್ದಿ ಫೋನಿಗೆ ಬರುತ್ತದೆ. ಸುದ್ದಿ ಬಾರದ ಈಕೆ, ಹಣ ಬಂದಿತೋ ಇಲ್ಲವೋ ಎಂದು ತಿಳಿಯಲು ಅರ್ಧ ದಿನದ ಕೂಲಿ ಬಿಟ್ಟು ಬ್ಯಾಂಕಿನ ಸಾಲಿನಲ್ಲಿ ನಿಲ್ಲಬೇಕಾಯಿತು. ಸಂಖ್ಯೆ ಬದಲಾಯಿಸಲು ಇನ್ನೆರಡು ಸಲ ಅಲೆದಳು. ಸರ್ಕಾರದ ಒಂದು ಕೈ ಕೊಟ್ಟದ್ದನ್ನು ತಿಳಿಯುವ ದಾರಿ, ಇನ್ನೂರು ರೂಪಾಯಿ ರೀಚಾರ್ಜಿಲ್ಲದೆ ಮುಚ್ಚಿಹೋಗಿತ್ತು.

ಮಹನೀಯರೆ, 1882ರಲ್ಲಿ ಈ ಮದರಾಸಿನಲ್ಲಿ ಮೊದಲ ದೂರವಾಣಿ ವಿನಿಮಯ ಕೇಂದ್ರ ತೆರೆದಾಗ ದೂರವಾಣಿ ದೊಡ್ಡ ವರ್ತಕರ ಸೊತ್ತು. 1995ರಲ್ಲಿ ನಮ್ಮ ದೇಶಕ್ಕೆ ಮೊಬೈಲು ಬಂದಾಗಲೂ ಅದು ಶ್ರೀಮಂತರ ಆಭರಣವೇ. ಬಂದ ಕರೆಗೂ ದುಡ್ಡು ತೆರಬೇಕಿದ್ದ ಕಾಲ ಅದು. ಇಂದು ಅದು ಆಭರಣವಲ್ಲ, ಬೀಗದ ಕೈ. ಅಡಿಗೆ ಅನಿಲ ಬೇಕಾದರೂ, ಬ್ಯಾಂಕಿನ ವ್ಯವಹಾರಕ್ಕೂ, ಮಕ್ಕಳ ಕಾಲೇಜಿನ ಅರ್ಜಿಗೂ ಗುಪ್ತ ಸಂಖ್ಯೆಯೊಂದು ಫೋನಿಗೆ ಬರಬೇಕು. ಡಿಜಿಟಲ್ ಸೌಕರ್ಯವನ್ನು ಪಡೆಯುವುದು ಬದುಕುವ ಹಕ್ಕಿನ ಭಾಗವೆಂದು 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಬಾಗಿಲಿಗೆ ಬೀಗ ಹಾಕಿದವರು ಕೀಲಿಕೈಯನ್ನೂ ಕೊಡಬೇಕಾದ್ದು ನ್ಯಾಯವಲ್ಲವೆ?

ಕೊಡುವ ಪ್ರಯತ್ನಗಳು ನಡೆಯದೆ ಇಲ್ಲ. 2018ರಲ್ಲಿ ಛತ್ತೀಸಗಢ ಸರ್ಕಾರವು ಬಡ ಮಹಿಳೆಯರಿಗೂ ವಿದ್ಯಾರ್ಥಿಗಳಿಗೂ ಸುಮಾರು 50 ಲಕ್ಷ ಸ್ಮಾರ್ಟ್‌ಫೋನುಗಳನ್ನು ಹಂಚುವ ಯೋಜನೆ ಹೂಡಿತು. ಆ ವರ್ಷದ ಕೊನೆಗೆ ಸರ್ಕಾರ ಬದಲಾಯಿತು, ಹಂಚಿಕೆ ನಿಂತಿತು. 2023ರ ಆಗಸ್ಟಿನಲ್ಲಿ ರಾಜಸ್ಥಾನ ಸರ್ಕಾರವು ಮಹಿಳೆಯರಿಗೆ ಫೋನು, ಸಿಮ್ ಮತ್ತು ಇಂಟರ್ನೆಟ್ಟಿಗೆಂದು ತಲಾ 6,800 ರೂಪಾಯಿ ಕೊಡತೊಡಗಿತು. ಡಿಸೆಂಬರಿನಲ್ಲಿ ಅಲ್ಲಿಯೂ ಸರ್ಕಾರ ಬದಲಾಯಿತು; ಯೋಜನೆ ಮುಂದುವರಿಯಲಿಲ್ಲ. ನಮ್ಮ ತಮಿಳುನಾಡಿನಲ್ಲಿ 2016ರ ಚುನಾವಣೆಗೆ ಮುನ್ನ, ಪಡಿತರ ಚೀಟಿಯುಳ್ಳ ಮನೆಗಳಿಗೆ ಉಚಿತ ಮೊಬೈಲೆಂದು ಅಣ್ಣಾ ಡಿಎಂಕೆಯ ಪ್ರಣಾಳಿಕೆಯಲ್ಲಿ ಇತ್ತು. ಪಕ್ಷ ಗೆದ್ದಿತು, ಮೊಬೈಲು ಬರಲಿಲ್ಲ.

ಇವುಗಳಲ್ಲೆಲ್ಲ ಒಂದು ಸಾಮಾನ್ಯ ದೋಷ ನನಗೆ ಕಾಣುತ್ತದೆ. ವಸ್ತುವನ್ನು ಕೊಡುವುದು ಒಂದು ದಿನದ ಉತ್ಸವ. ಪೆಂಡಾಲು ಹಾಕಬಹುದು, ಡಬ್ಬಿಯ ಮೇಲೆ ಚಿತ್ರ ಅಚ್ಚು ಹಾಕಿಸಬಹುದು. ತಿಂಗಳ ರೀಚಾರ್ಜಿಗೆ ಪೆಂಡಾಲಿಲ್ಲ. ಆದರೆ ಬಡವರ ಕಷ್ಟವಿರುವುದು ಅಲ್ಲಿಯೇ. ಹಳೆಯ ಫೋನು ಹೇಗೋ ಒದಗುತ್ತದೆ. ಯಜಮಾನರ ಮನೆಯವರು ಬಿಟ್ಟದ್ದೋ, ಕಂತಿನಲ್ಲಿ ಕೊಂಡದ್ದೋ ಇರುತ್ತದೆ. 28 ದಿನಕ್ಕೊಮ್ಮೆ ಎಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜು. 2024ರ ಜುಲೈಯಲ್ಲಿ ದರಗಳು ಏರಿದ ಮೇಲೆ ಒಂದೊಂದಕ್ಕೂ ಇನ್ನೂರರ ಆಸುಪಾಸು. ಮೂರು ಫೋನುಗಳ ಮನೆಗೆ ಆರುನೂರು. ಆನೆ ಕೊಟ್ಟು ಮೇವು ಕೊಡದಿದ್ದರೆ ಆ ದಾನದಿಂದ ಬಡವನಿಗೆ ಏನು ಲಾಭ?

ಹಾಗಾದರೆ ಮಾಡುವುದೇನು? ಇದಕ್ಕೆ ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ಕನ್ನಡನಾಡಿನ ಇತಿಹಾಸದಲ್ಲಿಯೇ ಇದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. ಬಡವನ ಗುಡಿಸಲಿಗೆ ಬರಲು ಇನ್ನೂ ಎಪ್ಪತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಆಗ ಬಂದದ್ದೇ ಭಾಗ್ಯಜ್ಯೋತಿ. ಆ ಯೋಜನೆಯ ವಿವೇಕವನ್ನು ಗಮನಿಸಿ. ಸರ್ಕಾರ ಒಂದು ಬಲ್ಬನ್ನು ಕೈಗೆ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ತಂತಿ ಎಳೆಯಿತು, ದೀಪ ಹಾಕಿತು, ತಿಂಗಳಿಗೆ ಇಂತಿಷ್ಟು ಯೂನಿಟ್ಟಿನವರೆಗೆ ಬಿಲ್ಲನ್ನೂ ತಾನೇ ಹೊತ್ತಿತು. ಅಲ್ಪವೇ ಸರಿ, ಆದರೆ ಆರದ ದೀಪ. ಮೊಬೈಲಿಗೆ ಬೇಕಾದದ್ದು ಇಂಥ ಭಾಗ್ಯಜ್ಯೋತಿ. ಸಂಖ್ಯೆ ಸಾಯದಂತೆ, ಬರುವ ಕರೆ ಮತ್ತು ಸಂದೇಶ ನಿಲ್ಲದಂತೆ, ಅರ್ಜಿ ಹಾಕಲು, ಪಾಠ ನೋಡಲು ಸಾಕಾಗುವಷ್ಟು ಇಂಟರ್ನೆಟ್ಟು ಇರುವಂತೆ, ತಿಂಗಳು ತಿಂಗಳಿನ ಒಂದು ಸಣ್ಣ ನೆರವು.

ಇದು ಹೊಸ ಕಲ್ಪನೆಯೂ ಅಲ್ಲ. ಶ್ರೀಮಂತ ರಾಷ್ಟ್ರವಾದ ಅಮೆರಿಕದಲ್ಲಿಯೇ 1985ರಿಂದ ಬಡ ಮನೆಗಳ ದೂರವಾಣಿ ಬಿಲ್ಲಿಗೆ ಲೈಫ್‌ಲೈನ್ ಎಂಬ ಹೆಸರಿನ ನೆರವಿದೆ. ಈ ಶತಮಾನದಲ್ಲಿ ಅದು ಮೊಬೈಲಿಗೂ ವಿಸ್ತರಿಸಿತು. ಕೊರೋನಾ ಕಾಲದ ನಂತರ ಅಲ್ಲಿ ಇನ್ನೂ ದೊಡ್ಡದೊಂದು ಇಂಟರ್ನೆಟ್ ಸಹಾಯಧನ ಬಂದು, 2 ಕೋಟಿ 30 ಲಕ್ಷ ಮನೆಗಳನ್ನು ಮುಟ್ಟಿ, ಮೀಸಲು ಹಣ ಮುಗಿದು 2024ರ ಜೂನಿನಲ್ಲಿ ನಿಂತುಹೋಯಿತು. ನಿಂತ ಮೂಲವಿಲ್ಲದ ಔದಾರ್ಯ ಬಾಳುವುದಿಲ್ಲವೆಂಬುದು ಅದರ ಪಾಠ. ನೆರೆಯ ಕೇರಳವು 2023ರ ಜೂನ್ 5ರಂದು ತನ್ನದೇ ತಂತು ಜಾಲವಾದ ಕೆ-ಫೋನ್ ತೆರೆಯಿತು. 20 ಲಕ್ಷ ಬಡ ಮನೆಗಳಿಗೆ ಉಚಿತ ಇಂಟರ್ನೆಟ್ಟು ಅದರ ಗುರಿ. ಮೊದಲ ಹಂತದಲ್ಲಿ ಎತ್ತಿಕೊಂಡದ್ದು ಕ್ಷೇತ್ರಕ್ಕೆ ನೂರರಂತೆ 14,000 ಮನೆಗಳು. ನಿಧಾನವೆನ್ನಬಹುದು, ದಿಕ್ಕು ಸರಿಯಾಗಿದೆ.

ಹಣವೆಲ್ಲಿದೆ ಎಂದು ಲೆಕ್ಕಾಚಾರದ ಮಿತ್ರರು ಕೇಳುತ್ತಾರೆ. ದೂರಸಂಪರ್ಕ ಕಂಪನಿಗಳ ವರಮಾನದಲ್ಲಿ ನೂರಕ್ಕೆ ಐದರ ಪಾಲನ್ನು ಎಲ್ಲರಿಗೂ ಸೇವೆ ಮುಟ್ಟಿಸಲೆಂದೇ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ತೆಗೆದಿಡಲಾಗುತ್ತಿದೆ. ಅಂದರೆ ಪರೋಕ್ಷವಾಗಿ ನಾವು ಕಟ್ಟುವ ಹಣ. ನಮ್ಮ ಕೆಲಸದಾಕೆ ಕಟ್ಟುವ ಹಣವೂ ಹೌದು. ಹಿಂದಿನ ಕಾನೂನು ಈ ನಿಧಿಯನ್ನು ಹಳ್ಳಿಗಳಿಗೂ ದುರ್ಗಮ ಪ್ರದೇಶಗಳಿಗೂ ಎಂದು ಹೇಳಿತ್ತು. 2023ರ ದೂರಸಂಪರ್ಕ ಅಧಿನಿಯಮ ಅದಕ್ಕೆ ಡಿಜಿಟಲ್ ಭಾರತ ನಿಧಿ ಎಂದು ಹೆಸರಿಟ್ಟು, ಸೇವೆ ಸಾಲದ ನಗರ ಪ್ರದೇಶಗಳನ್ನೂ ಸೇರಿಸಿತು. ಈ ಒಂದು ಮಾತು ಬಹು ಮುಖ್ಯ. ಗೋಪುರದ ಬುಡದಲ್ಲಿದ್ದೂ ರೀಚಾರ್ಜಿಲ್ಲದೆ ಮೂಕವಾದ ಫೋನು ಸೇವೆ ಸಾಲದ ಫೋನಲ್ಲವೆ? ಹಾಗೆಂದು ವಾದಿಸಲು ಈಗ ಕಾನೂನಿನಲ್ಲಿ ಒಂದು ಆಧಾರವಿದೆ. ಕೇಳುವವರು ಬೇಕು.

"ಎಲ್ಲವನ್ನೂ ಬಿಟ್ಟಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ" ಎನ್ನುವವರು ನಮ್ಮಲ್ಲಿಯೇ ಇದ್ದಾರೆ. ಅವರಿಗೆ ಒಂದು ವಿನಯಪೂರ್ವಕ ಜ್ಞಾಪನೆ. 2016ರಲ್ಲಿ ಈ ರಾಜ್ಯದ ಮನೆಮನೆಗೂ ಎರಡು ತಿಂಗಳಿಗೆ 100 ಯೂನಿಟ್ ವಿದ್ಯುತ್ತು ಉಚಿತವಾಯಿತು. ಹವಾನಿಯಂತ್ರಣವಿರುವ ಅಣ್ಣಾ ನಗರದ ನಮ್ಮ ಮನೆಗಳಿಗೂ ಅದು ಸಿಕ್ಕಿತು. ನಮ್ಮಲ್ಲಿ ಯಾರೂ ಅದನ್ನು ಹಿಂದಿರುಗಿಸಿದಂತೆ ಕಾಣೆ. ಅದರಿಂದ ಸೋಮಾರಿಗಳಾದೆವೆಂದು ಒಪ್ಪಿಕೊಂಡವರನ್ನೂ ಕಾಣೆ. ಇನ್ನು ಹುಡುಗರು ಫೋನಿನಲ್ಲಿ ಸಿನಿಮಾ ನೋಡಿ ಕೆಡುತ್ತಾರೆಂಬ ಆಕ್ಷೇಪ. ನೋಡುತ್ತಾರೆ, ನಿಜ. ನಮ್ಮ ಮೊಮ್ಮಕ್ಕಳೂ ನೋಡುತ್ತಾರೆ. ನೆಗಡಿಯಾಯಿತೆಂದು ಮೂಗು ಕುಯ್ದುಕೊಳ್ಳುತ್ತಾರೆಯೆ?

ಸರ್ಕಾರ ಮಾಡಬೇಕಾದ್ದನ್ನು ಸರ್ಕಾರಕ್ಕೆ ಹೇಳೋಣ. ನಮ್ಮ ಲೋಕಸಭಾ ಸದಸ್ಯರಿಗೆ ಸಂಘದ ವತಿಯಿಂದ ಒಂದು ಮನವಿ ಹೋಗಲೆಂದು ಸೂಚಿಸುತ್ತೇನೆ. ಆದರೆ ಅದುವರೆಗೆ ನಾವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಈ ಸಂಘದ ಜಗುಲಿಯಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕೋಣ. ನಮ್ಮ ಮನೆಗಳಲ್ಲಿ ಕೆಲಸ ಮಾಡುವವರು, ತಮಿಳರಾಗಲಿ ಕನ್ನಡಿಗರಾಗಲಿ, ತಮ್ಮ ಫೋನು ತರಲಿ. ನಮ್ಮ ತರುಣರು ಅದರ ಭಾಷೆಯನ್ನು ಅವರವರ ಭಾಷೆಗೆ ಬದಲಾಯಿಸಿಕೊಡಲಿ; ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಬಾರದೆಂದು ತಿಳಿಸಲಿ; ಇಂಟರ್ನೆಟ್ಟು ಬೇಡದವರಿಗೆ ಕೇವಲ ಮಾತು ಮತ್ತು ಸಂದೇಶದ ಯೋಜನೆಗಳಿರಬೇಕೆಂದು 2024ರ ಡಿಸೆಂಬರಿನಲ್ಲಿ ಪ್ರಾಧಿಕಾರ ವಿಧಿಸಿದ ನಿಯಮವನ್ನು ವಿವರಿಸಲಿ; ಬ್ಯಾಂಕಿನಲ್ಲಿರುವ ಸಂಖ್ಯೆ ಬದುಕಿದೆಯೇ ಎಂದು ನೋಡಲಿ. ದೀಪಾವಳಿಗೆ ಸೀರೆ ಕೊಡುವ ನಾವು, ಅದರ ಜೊತೆಗೆ ಒಂದು ವರ್ಷದ ರೀಚಾರ್ಜನ್ನೂ ಕೊಟ್ಟರೆ ನಮ್ಮ ಗಂಟು ಕರಗುವುದಿಲ್ಲ.

ಬಂಧುಗಳೆ, ನಮ್ಮ ಈ ಬಡಾವಣೆಯ ಉದ್ಯಾನದಲ್ಲಿ, 1968ರ ವಾಣಿಜ್ಯ ಮೇಳದ ಕಾಲದಲ್ಲಿ ಕಟ್ಟಿದ ಗೋಪುರ ನಿಂತಿದೆ. ಅದಕ್ಕಿರುವ ಹೆಸರು ನಮ್ಮವರಾದ ಸರ್ ಎಂ. ವಿಶ್ವೇಶ್ವರಯ್ಯನವರದು. ಕನ್ನಡಿಗರೆಂದು ನಾವು ಅದನ್ನು ನೋಡಿ ಹೆಮ್ಮೆಪಡುತ್ತೇವೆ. ಆದರೆ ಆ ಮಹನೀಯರು ಬರಿಯ ಎತ್ತರವನ್ನು ಮೆಚ್ಚಿದವರಲ್ಲ. ಅಣೆಕಟ್ಟಿನ ನೀರು ಕಾಲುವೆಯ ಕೊನೆಯ ಗದ್ದೆಗೆ ಮುಟ್ಟಿತೇ ಎಂದು ಕೇಳುವುದು ಎಂಜಿನಿಯರರ ಧರ್ಮ. ನಮ್ಮ ಕಾಲದ ಕಾಲುವೆ ಬರಿಗಣ್ಣಿಗೆ ಕಾಣದ್ದು. ಅದರ ಕೊನೆಯ ಗದ್ದೆ, ನಮ್ಮ ಅಡಿಗೆಮನೆಯ ಹಿಂಬಾಗಿಲಲ್ಲಿಯೇ ಪಾತ್ರೆ ತೊಳೆಯುತ್ತ ನಿಂತಿದೆ.

ಆಕೆಗೆ ಈಗ ಹೊಸ ಸಂಖ್ಯೆ ಬಂದಿದೆ. ಕಳೆದ ತಿಂಗಳು ಹಣ ಬಂದ ಸಂದೇಶವನ್ನು ನನ್ನ ಹೆಂಡತಿಗೆ ತೋರಿಸಿ, "ಬಂದದೆ ಅಮ್ಮಾ" ಎಂದಳಂತೆ. ಆ ಎರಡು ಮಾತು ಎಲ್ಲ ಬಡ ಮನೆಗಳಲ್ಲಿಯೂ ತಿಂಗಳು ತಿಂಗಳೂ ಕೇಳಿಬರಲೆಂದು ಹಾರೈಸುತ್ತೇನೆ.