ಮಗುವಿನ ಮೈಮೇಲೆ ಪಿತ್ತದ ಗಂಧೆ



ನಾವು ಮನೆಯಲ್ಲಿ ‘ಪಿತ್ತಿ’ ಎನ್ನುವ ಪಿತ್ತದ ಗಂಧೆಯ ಬಗ್ಗೆ ಎರಡು ಮಾತು. ಭಾಲ್ಕಿಯಲ್ಲಿದ್ದಾಗ ಒಂದು ಸಂಜೆ ನನ್ನ ಎರಡು ವರ್ಷದ ಮಗಳ ಮೈತುಂಬ ಕೆಂಪು ದದ್ದು ಎದ್ದವು. ಔರಾದದಿಂದ ಬಂದ ನನ್ನ ತಾಯಿ ತತ್ತಿ ಬಿಡಿಸಿದರು. ನಾನು ಹಾಲೂ ಬಿಡಿಸಿದೆ. ದದ್ದು ನಿಲ್ಲಲಿಲ್ಲ, ಮಗು ಸೊರಗಿತು.

ಬೀದರಿನ ಮಕ್ಕಳ ವೈದ್ಯರು ಮೊದಲು ಪ್ರಶ್ನೆ ಕೇಳಿದರು. ತಿಂದ ಎಷ್ಟು ಹೊತ್ತಿಗೆ ಎದ್ದವು? ಹೊಸ ಔಷಧಿ ಕೊಟ್ಟಿದ್ದಿರಾ? ಜ್ವರ, ನೆಗಡಿ ಇತ್ತೆ? ಆಹಾರದ ಅಲರ್ಜಿ ಸಾಮಾನ್ಯವಾಗಿ 2 ಗಂಟೆಯೊಳಗೆ ಕಾಣಿಸುತ್ತದೆ. ನಮ್ಮ ಮಗು ತತ್ತಿ ತಿಂದದ್ದು ಬೆಳಿಗ್ಗೆ. ಮೂರು ದಿನದಿಂದ ಇದ್ದ ನೆಗಡಿಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಶಾಲೆಯ ಹಾಜರಿ ತಪ್ಪದೆ ಬರೆಯುವ ನಾನು ಮಗಳದ್ದು ಒಂದು ಸಾಲೂ ಬರೆದಿಟ್ಟಿರಲಿಲ್ಲ! ಚಿಕ್ಕ ಮಕ್ಕಳಲ್ಲಿ ಒಮ್ಮೆಲೇ ಏಳುವ ಗಂಧೆಗೆ ಬಹಳ ಸಲ ವೈರಸ್ ಸೋಂಕೇ ಕಾರಣ. ಒಂದೊಂದು ದದ್ದು ಸಾಮಾನ್ಯವಾಗಿ 24 ಗಂಟೆಯೊಳಗೆ ಮಾಯವಾಗಿ, ಬೇರೆ ಕಡೆ ಹೊಸದು ಏಳುತ್ತದೆ. ಎಷ್ಟೋ ಸಲ ಕಾರಣ ಸಿಗುವುದೂ ಇಲ್ಲ.

ಆದರೆ ತುಟಿ, ನಾಲಿಗೆ ಊದಿದರೆ, ಉಸಿರಾಟ ಕಷ್ಟವಾದರೆ, ಮಗು ಪದೇಪದೇ ವಾಂತಿ ಮಾಡಿ ಮಂಕಾದರೆ ಕಾರಣ ಹುಡುಕುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ವೈದ್ಯರು ಹೇಳಿದ ಮೇಲೆ ತತ್ತಿ, ಹಾಲು ಮತ್ತೆ ಕೊಟ್ಟೆವು. ಹತ್ತು ದಿನದಲ್ಲಿ ದದ್ದು ನಿಂತವು. ನನ್ನ ತಾಯಿಗೆ ಮಾತ್ರ ಇಂದಿಗೂ ತತ್ತಿಯ ಮೇಲೆಯೇ ಅನುಮಾನ.