ಮಳೆ ಕಲಿಸಿದ ವಾಸ್ತು

(ಹೊನ್ನಾವರದಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಆಡಿದ ಮಾತುಗಳ ಬರಹರೂಪ)



ನಾನು ಗದಗ ಕಡೆಯವನು. ಕರಾವಳಿಗೆ ಬರುವ ಮುನ್ನ ಭಟ್ಕಳವೆಂದರೆ ನನಗೆ ಗೊತ್ತಿದ್ದದ್ದು 1993ರ ಗಲಭೆ ಒಂದೇ. ಪತ್ರಿಕೆಯ ಹಳೆಯ ಕಡತ ಓದಿಕೊಂಡು ಕುಮಟಾದಲ್ಲಿ ಬಸ್ಸು ಹತ್ತಿದೆ. ಹೊನ್ನಾವರದಲ್ಲಿ ಶರಾವತಿ ದಾಟಿ ಭಟ್ಕಳದಲ್ಲಿ ಇಳಿದಾಗ ಸುರಿಯುತ್ತಿದ್ದದ್ದು ಆಷಾಢದ ಮಳೆ.

ಮೊದಲು ನೋಡಿದ್ದು ಮೂಡಭಟ್ಕಳದ ಖೇತಪೈ ನಾರಾಯಣ ದೇವಸ್ಥಾನ. ಲಕ್ಕುಂಡಿಯ ಗುಡಿಗಳನ್ನು ನೋಡಿ ಬೆಳೆದವನಿಗೆ ಗುಡಿಯೆಂದ ಮೇಲೆ ಶಿಖರ ಇರಲೇಬೇಕು. ಇಲ್ಲಿದ್ದದ್ದು ಮನೆಯ ಮಾಡಿನಂತೆ ಇಳಿಜಾರಾದ ಛಾವಣಿ. ಆದರೆ ಅದು ಹೆಂಚಿನದಲ್ಲ, ಕಲ್ಲು ಚಪ್ಪಡಿಗಳದು! ಹೊರಗೆ ಮರದ ಪಟ್ಟಿ ಜೋಡಿಸಿದಂತೆ ಕಲ್ಲಿನ ಜಾಲಂಧ್ರ. ಬಡಗಿಯ ಕೆಲಸವನ್ನು ಕಲ್ಲುಕುಟಿಗ ಮಾಡಿದ್ದಾನೆ. ಗೋಡೆಯ ಮೇಲೆ ರಾಮಾಯಣದ ಉಬ್ಬುಚಿತ್ರಗಳಿವೆ.

ಏಕೆ ಹೀಗೆ? ಉತ್ತರ ನನ್ನ ಕೊಡೆಯ ಮೇಲೇ ಬೀಳುತ್ತಿತ್ತು. ನಮ್ಮ ಗದಗಿನಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಇಲ್ಲಿ 3,000 ಮಿ.ಮೀ.ಗೂ ಹೆಚ್ಚು. ಇಳಿಜಾರು ಮಾಡು ನೀರನ್ನು ನಿಲ್ಲಗೊಡದು. ಜಾಲಂಧ್ರ ಇರಚಲನ್ನು ತಡೆದು ಗಾಳಿ ಬೆಳಕನ್ನು ಒಳಗೆ ಬಿಡುತ್ತದೆ.

ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಗೆ ಹೋದರೆ ಅಲ್ಲಿಯೂ ಅದೇ ಇಳಿಜಾರು. ನವಾಯತರ ಹಳೆಯ ಮನೆಗಳಿಗೂ ಇಳಿಜಾರು ಮಾಡೇ. ಅವರ ಜಾಮಿಯಾ ಮಸೀದಿಗೆ ಊರಿನಲ್ಲಿ ಚಿನ್ನದ ಪಳ್ಳಿ ಎಂಬ ಹೆಸರು. 'ಪಳ್ಳಿ' ಎಂಬುದು ಹಿಂದೆ ಜೈನ, ಬೌದ್ಧ ನೆಲೆಗಳಿಗೂ ಸಲ್ಲುತ್ತಿದ್ದ ಪದ. ದೇವರು ಬೇರೆಯಾದರೂ ಮಳೆ ಒಂದೇ. ಪದವೂ ಒಬ್ಬರಿಂದ ಇನ್ನೊಬ್ಬರಿಗೆ ದಾಟಿ ಬಂದಿದೆ.

ಕರಾವಳಿಯ ಇಂಥ ಕಟ್ಟಡಗಳನ್ನು ಕಂಡ ಜೇಮ್ಸ್ ಫರ್ಗುಸನ್ ಎಂಬ ಪಂಡಿತ 1876ರ ತನ್ನ ಗ್ರಂಥದಲ್ಲಿ ಅವನ್ನು ನೇಪಾಳದ ಗುಡಿಗಳಿಗೆ ಹೋಲಿಸಿದ. ಅಷ್ಟು ದೂರ ಹೋಗಬೇಕೆಂದು ನನಗೆ ಅನ್ನಿಸಲಿಲ್ಲ. ಪಕ್ಕದ ಮನೆಯ ಮಾಡನ್ನು ನೋಡಿದರೆ ಸಾಕಿತ್ತು.

ಭಟ್ಕಳ ವಿಜಯನಗರದ ದೊಡ್ಡ ಬಂದರು. ಹೊರ್ಮುಜ್‌ನಿಂದ ಕುದುರೆ ಬಂದಿಳಿಯುತ್ತಿದ್ದವು. ಇಲ್ಲಿಂದ ಮೆಣಸು, ಅಕ್ಕಿ, ಸಕ್ಕರೆ ಹೋಗುತ್ತಿದ್ದವು. 1542ರಲ್ಲಿ ಪೋರ್ಚುಗೀಸರು ಊರನ್ನು ಸುಟ್ಟರು. ಖೇತಪೈ ದೇವಸ್ಥಾನವೂ 16ನೆಯ ಶತಮಾನದ ನಡುಗಾಲದ್ದೇ. ಬೆಂಕಿ ಕಂಡ ಊರು ಮತ್ತೆ ಕಟ್ಟುವುದನ್ನು ಬಿಡಲಿಲ್ಲ.

ಗಲಭೆಯಾದ ದಿನ ಮಾತ್ರ ಊರನ್ನು ನೆನೆಯುವ ನಮ್ಮಂಥ ಪತ್ರಕರ್ತರು ಇದನ್ನು ಬರೆಯಲಿಲ್ಲ. ಗಲಭೆ ಸುಳ್ಳಲ್ಲ, ಆದರೆ ಅದೇ ಇಡೀ ಊರಲ್ಲ. ಗುಡಿ, ಬಸದಿಗಳನ್ನು ಕಾಯಲು ಕಾನೂನಿದೆ. ಹಳೆಯ ಮನೆಗಳನ್ನು ಕಾಯುವವರಾರು? ತಾರಸಿ ಬೇಕೆನ್ನುವವರನ್ನು ಬೈಯಲಾರೆ. ಮಾಡು ಸೋರಿದರೆ ನೆನೆಯುವವರು ಅವರೇ.

ನಿಮ್ಮಲ್ಲಿ ನನ್ನದು ಒಂದೇ ಕೋರಿಕೆ. ನಿಮ್ಮ ಕೇರಿಯಲ್ಲಿ ಹಳೆಯ ಮನೆ ಕೆಡವುತ್ತಾರೆಂದು ಕೇಳಿದರೆ ಒಂದು ಅಳತೆಪಟ್ಟಿ ಹಿಡಿದು ಹೋಗಿ. ಜಗಲಿ ಎಷ್ಟು ಅಗಲ, ಮಾಡು ಎಷ್ಟು ಇಳಿಜಾರು ಎಂದು ಬರೆದಿಡಿ. ಮನೆಯ ಅಜ್ಜಿಯನ್ನು ಮಾತಾಡಿಸಿ. ಮನೆ ಉಳಿಯದಿದ್ದರೂ ಅದನ್ನು ಕಟ್ಟಿದ ಬುದ್ಧಿ ಉಳಿದೀತು.